ಅಕ್ಕೋರು ಕಾಯುತ್ತಿದ್ದ ಪ್ರಶ್ನೆ

ಅಕ್ಕೋರ ಎಡಗೈ ಬಳೆಯಲ್ಲಿ ಸದಾ ಸೇಫ್ಟಿ ಪಿನ್ನುಗಳ ಗೊಂಚಲೊಂದು ತೂಗುತ್ತಿತ್ತು. ಸಡಿಲ ಧೋತರವಿರಲಿ, ಹರಿದ ಪರದೆಯಿರಲಿ, ಅವರ ಬಳಿ ಮದ್ದು ಅದೊಂದೇ. ಸಿಟ್ಟು ಬಂದರೆ ದನಿಗಿಂತ ಮೊದಲು ಪಿನ್ನುಗಳೇ ಸದ್ದು ಮಾಡುತ್ತಿದ್ದವು. ಆಗ ನಾವು ತೆಪ್ಪಗಾಗುತ್ತಿದ್ದೆವು.

ಧಾರವಾಡ ಕಡೆಯವರು. ಡೊಂಬಿವಲಿಯ ನಮ್ಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. ಕನ್ನಡ ತೆಗೆದುಕೊಂಡವರು ಬೆರಳೆಣಿಕೆಯಷ್ಟು. ಅದರಲ್ಲೂ ಅರ್ಧ ಜನ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುವವರು. ನಾನು ಘಣಸೋಲಿಯವನು, ಮನೆಯಲ್ಲಿ ತುಳು. ಇಂಥ ದಂಡನ್ನು ಕಟ್ಟಿಕೊಂಡು ಅಕ್ಕೋರು ಪ್ರತಿ ವರ್ಷ ಊರಿನ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನಾಟಕ ಆಡಿಸುತ್ತಿದ್ದರು. ತಾಲೀಮಿಗೆ ತಡವಾದರೆ ಟ್ರೇನಿನ ನೆಪ ಹೇಳುವಂತಿರಲಿಲ್ಲ. “ಟ್ರೇನು ನನಗೂ ಅದ” ಎಂದು ಗದರಿಸಿ, ಆಮೇಲೆ ತಾವೇ ಡಬ್ಬಿ ತೆರೆದು ಚುರುಮುರಿ ಹಂಚುತ್ತಿದ್ದರು.

ಆ ವರ್ಷ ಫ್ಯಾಸಿಸಮ್ ಬಗ್ಗೆ ಅವರೇ ಬರೆದ ನಾಟಕ. ಒಂದು ಹೌಸಿಂಗ್ ಸೊಸೈಟಿ, ಅದಕ್ಕೊಬ್ಬ ಒಳ್ಳೆಯ ಸೆಕ್ರೆಟರಿ. ಮೊದಲು ಲಿಫ್ಟಿನಲ್ಲಿ ಯಾರು ಹೋಗಬೇಕೆಂದು ಬೋರ್ಡು ಹಾಕುತ್ತಾನೆ. ಆಮೇಲೆ ಯಾರ ಮನೆಗೆ ಯಾರು ಬರುತ್ತಾರೆಂದು ವಿಚಾರಿಸುತ್ತಾನೆ. ಕೊನೆಗೆ ಅಡುಗೆಮನೆಗಳ ವಾಸನೆ ಮೂಸುತ್ತಾನೆ. ಉಳಿದವರೆಲ್ಲ “ನಮಗೇನಾಗಬೇಕು, ಇರಲಿ ಬಿಡಿ” ಎನ್ನುತ್ತಾ ಚಹಾ ಕುಡಿಯುತ್ತಾರೆ. ನಾಯಕಿಯಾಗಿದ್ದ ಶಹಾಡಿನ ಹುಡುಗಿಗೆ ಗೊಂದಲ. “ಮ್ಯಾಡಮ್, ಇಸ್ ಮೇಂ ಫ್ಯಾಸಿಸಮ್ ಕಹಾಂ ಹೈ? ನ ಯೂನಿಫಾರ್ಮ್, ನ ಬೂಟ್.”

“ಅದು ಬೂಟು ಹಾಕ್ಕೊಂಡು ಬರೂದಿಲ್ಲವಾ,” ಎಂದರು ಅಕ್ಕೋರು. “ಚಪ್ಪಲಿ ಹೊರಗ ಬಿಟ್ಟು, ನಮಸ್ಕಾರ ಮಾಡಿ, ಚಾ ಕುಡದು ಕೂಡ್ತದ.”

ಸೆಕ್ರೆಟರಿಯ ಪಾತ್ರ ನನ್ನದು. ನಾಟಕದ ನಡುವೆ ಎದೆಗೆ ಬ್ಯಾಡ್ಜು ಚುಚ್ಚಿಕೊಂಡು ಸಭಿಕರ ನಡುವೆ ಇಳಿದು, “ಸ್ವಂತ ಮನೆಯವರು ಮುಂದೆ ಇರಿ, ಬಾಡಿಗೆಯವರು ಹಿಂದೆ ಹೋಗಿ” ಎನ್ನಬೇಕು. ಸಭೆಯಲ್ಲಿ ಯಾರಾದರೂ ಯಾಕೆ ಎಂದು ಕೇಳಿಯೇ ಕೇಳುತ್ತಾರೆ ಎಂಬುದು ಅಕ್ಕೋರ ಲೆಕ್ಕ. ಆಗ ನಾಯಕಿ ರಂಗದ ಮೇಲಿಂದ “ನಾನೂ ಅದನ್ನೇ ಕೇಳ್ತಿದ್ದೀನಿ” ಎನ್ನಬೇಕು. ನಾಟಕ ಮುಂದೆ ಸಾಗುವುದು ಆ ಮಾತಿನಿಂದಲೇ. ಪ್ರಶ್ನೆ ಕೇಳಲು ನಮ್ಮವರೊಬ್ಬರನ್ನು ಕೂರಿಸೋಣ ಎಂದೆವು. ಅಕ್ಕೋರು ಒಪ್ಪಲಿಲ್ಲ. “ಲೋಕಲ್‌ನ್ಯಾಗ ಸೀಟಿಗೆ ಜಗಳಾಡೋ ಮಂದಿ ಇವರು. ಸುಮ್ಮನ ಕುರ್ಚಿ ಬಿಡ್ತಾರೇನಲೇ?”

ಬಿಟ್ಟರು. ಸಂಘದ ಸಮಾರಂಭದಲ್ಲಿ ಬ್ಯಾಡ್ಜಿನವನು ಏಳಿ ಎಂದರೆ ಏಳುವುದು ನಮ್ಮವರಿಗೆ ರೂಢಿ. ಯಾರೋ ಅತಿಥಿಗಳು ಬಂದಿರುತ್ತಾರೆ, ಶಾಲು ಹಾರ ಆಗಬೇಕಿರುತ್ತದೆ. ನನ್ನ ಮಾತು ಮುಗಿಯುವುದರೊಳಗೆ ಕುರ್ಚಿಗಳು ಕಿರ್ರೆಂದವು. ನೀರಿನ ಬಾಟಲಿ, ಮಕ್ಕಳು-ಮರಿಗಳ ಸಮೇತ ಬಾಡಿಗೆಯವರು ಹಿಂದಕ್ಕೆ ನಡೆದರು. ಅವರಲ್ಲಿ ನನ್ನಪ್ಪನೂ ಒಬ್ಬರು. ಹೋಟೆಲಿನ ಗಲ್ಲಾಪೆಟ್ಟಿಗೆ ಬಿಟ್ಟು ಏಳದವರು ಅವತ್ತು ರಜೆ ಕೇಳಿ, ಬೇಗ ಬಂದು ಮುಂದೆ ಕೂತಿದ್ದರು. ನನ್ನತ್ತ ನೋಡಿ ಹೆಮ್ಮೆಯಿಂದ ನಕ್ಕು, ಹೇಳಿದಂತೆ ಕೇಳಿ ಹಿಂದೆ ಹೋದರು. ನನಗೆ ಅಲ್ಲೇ ಅಳು ಬಂತು.

ಯಾರೂ ಏನೂ ಕೇಳಲಿಲ್ಲ. ನಾಯಕಿ ಬಾಯಿ ತೆರೆದು ನಿಂತೇ ಇದ್ದಳು. ಪರದೆಯ ಮರೆಯಲ್ಲಿ ಪಿನ್ನುಗಳ ಸದ್ದು ಶುರುವಾಯಿತು. ದಿಕ್ಕುಗಾಣದೆ ನಾನು ಅದೇ ಮಾತನ್ನು ಇನ್ನಷ್ಟು ಜೋರಾಗಿ ಹೇಳಿದೆ. ಆಗ ಉಡುಪಿ ಕಡೆಯ ಅಜ್ಜಿಯೊಬ್ಬರು ಕೂತಲ್ಲಿಂದಲೇ ಬಾಯಿ ಬಿಟ್ಟರು.

“ಎಂತಕ್ಕೆ ಏಳುವುದು ಮಾರಾಯ? ಈಗಷ್ಟೇ ಕೂತದ್ದು. ನನ್ನ ಮಂಡಿನೋವಿಗೆ ಸ್ವಂತದ್ದು, ಬಾಡಿಗೆಯದ್ದು ಅಂತ ಇಲ್ಲ.”

ಸಭೆ ಗೊಳ್ಳೆಂದಿತು. ನಾಯಕಿಗೆ ಜೀವ ಬಂತು, ತನ್ನ ಮಾತು ಹೇಳಿದಳು. ಹಿಂದೆ ಹೋದವರು ಒಬ್ಬೊಬ್ಬರಾಗಿ ಮರಳಿ ಬಂದು ಕೂತರು, ನಾಟಕ ಓಡಿತು.

ನಾವು ಬಣ್ಣ ಒರೆಸಿಕೊಳ್ಳುವಾಗ ಅಕ್ಕೋರಿಗೆ ನಗು ತಡೆಯಲಾಗುತ್ತಿರಲಿಲ್ಲ. “ನಾಟಕಾ ಉಳಿಸಿದ್ದು ಅಜ್ಜಿ ಮಂಡಿ, ನಮ್ಮ ಬುದ್ಧಿ ಅಲ್ಲ. ನಮ್ಮ ಮಂದಿ ವಿಷಯದಾಗ ನಾನೇ ತಪ್ಪಿದೆ.” ನನ್ನ ಮುಖ ನೋಡಿ ದನಿ ತಗ್ಗಿಸಿದರು. “ಅಪ್ಪನ ಮ್ಯಾಲೆ ಸಿಟ್ಟಾಗಬ್ಯಾಡ. ಯಾಕ ಎದ್ರಿ ಅಂತ ಸುಮ್ಮನ ಕೇಳು, ಅಷ್ಟ.”

ಥಾಣೆಯಲ್ಲಿ ಗಾಡಿ ಬದಲಿಸುವಾಗ ಕೇಳಿದೆ. “ನೀನೇ ಹೇಳಿದ್ದಲ್ವಾ ಮಗ?” ಎಂದರು ಅಪ್ಪ. ಆ ಉತ್ತರ ಎಷ್ಟೋ ದಿನ ನನ್ನನ್ನು ಕಾಡಿತು. ಈಗ ಮಹಾಪೆಯ ಆಫೀಸಿನಲ್ಲಿ ಮಾತುಮಾತಿಗೆ ಯಾಕೆ ಎಂದು ಕೇಳುವ ತಲೆಹರಟೆ ಎಂದು ಹೆಸರಾಗಿದ್ದೇನೆ. ಆ ಹೆಸರು ಅಕ್ಕೋರ ಋಣ.

ಕಳೆದ ವರ್ಷ ಅಕ್ಕೋರು ತೀರಿಕೊಂಡರು. ಶ್ರದ್ಧಾಂಜಲಿ ಸಭೆ ನಾಟಕ ಆಡಿದ್ದ ಅದೇ ಹಾಲ್‌ನಲ್ಲಿ. ಅಪ್ಪ ತಾವಾಗಿಯೇ ಬರುತ್ತೇನೆಂದು ಬಂದು ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದರು. ಮುಖ್ಯ ಅತಿಥಿಗಳು ಎಂದಿನಂತೆ ತಡವಾಗಿ ಬಂದರು. ಬ್ಯಾಡ್ಜು ಹಾಕಿಕೊಂಡ ಯುವಕನೊಬ್ಬ ಓಡಿಬಂದು, “ಅಂಕಲ್, ನೀವು ಸ್ವಲ್ಪ ಹಿಂದೆ ಕೂರ್ತೀರಾ?” ಎಂದ.

ಅಪ್ಪ ಮೇಜಿನ ಮೇಲಿದ್ದ ಅಕ್ಕೋರ ಫೋಟೋ ನೋಡಿದರು. ಆಮೇಲೆ ಅವನನ್ನು ನೋಡಿದರು.

“ಎಂತಕ್ಕೆ?”

ಹಿಂದಿನ ಸಾಲಿನಲ್ಲಿದ್ದ ನಮ್ಮ ನಾಟಕದವರೆಲ್ಲ ಶೋಕಸಭೆ ಎಂಬುದನ್ನೂ ಮರೆತು ನಕ್ಕರು. ಅತಿಥಿಗಳು ತಾವೇ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬದಿಯಲ್ಲಿ ಕೂತರು. ಏನೂ ಆಗಲಿಲ್ಲ.