ಹೆಬ್ಬೆಟ್ಟು ಎಂಟಕ್ಕೇ ಮನೆಗೆ ಹೋಯಿತು

ಹೊಳವನಹಳ್ಳಿಯ ಪಾಪಕ್ಕ ನಮ್ಮ ಸೀಮೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಆಯಾ. ತರಬೇತಿಗೆ ಬರುವ ಎಳೆಯ ಡಾಕ್ಟರುಗಳು ಗೋಡೆಗೊರಗಿ ನಿಂತಲ್ಲೇ ತೂಕಡಿಸುವುದನ್ನು ಕಂಡರೆ ಅವಳಿಗೆ ರೇಗುತ್ತಿತ್ತು. ಬೈಯುತ್ತಲೇ ತನ್ನ ಡಬ್ಬಿಯ ಮುದ್ದೆ ಮುರಿದು ಕೊಡುತ್ತಿದ್ದಳು.

ಕಳೆದ ವರ್ಷ ಆದೇಶ ಬಂತು: ತರಬೇತಿ ವೈದ್ಯರು ಹನ್ನೆರಡು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಮುಖ್ಯ ವೈದ್ಯಾಧಿಕಾರಿ ನರಸಿಂಹರಾಜು ಆದೇಶವೆಂದರೆ ಕಣ್ಣಿಗೊತ್ತಿಕೊಳ್ಳುವ ಮನುಷ್ಯ. ರೋಗಿಗಳನ್ನು ನೋಡಿ ಯಾವ ಕಾಲವಾಗಿತ್ತೋ, ಬಾಗಿಲಿಗೆ ಬೆರಳಚ್ಚಿನ ಮಿಷಿನ್ ಮಾತ್ರ ಮಾರನೇ ದಿನವೇ ಹಾಕಿಸಿದರು. ರಾತ್ರಿ ಎಂಟಕ್ಕೆ ಬಂದವರು ಬೆಳಿಗ್ಗೆ ಎಂಟಕ್ಕೆ ಹೆಬ್ಬೆಟ್ಟು ಒತ್ತಿ 'ಹೊರಗೆ' ಹೋಗಬೇಕು. ಒತ್ತಿದ ಮೇಲೆ ತಿರುಗಿ ವಾರ್ಡಿಗೆ ಬಂದು ದುಡಿಯಬೇಕು. ಮರೆತವರನ್ನು ಎಳೆದೊಯ್ದು ಒತ್ತಿಸುವ ಕೆಲಸ ಪಾಪಕ್ಕನದು. ಆದೇಶವನ್ನು ಇಷ್ಟು ಶಿಸ್ತಾಗಿ ಪಾಲಿಸಿದ್ದಕ್ಕೆ ಸಾಹೇಬರಿಗೆ ಪ್ರಶಂಸಾಪತ್ರವೂ ಸಿಕ್ಕಿತು.

ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ತರಬೇತಿಯ ಡಾಕ್ಟರು ಸಹನಾ, ಕಾಟಮ್ಮನಿಗೆ ಬರೆದ ಇಂಜೆಕ್ಷನ್ನನ್ನು ಪಕ್ಕದ ಹಾಸಿಗೆಯ ದಾಸಮ್ಮನಿಗೆ ಚುಚ್ಚಲು ಹೋದಳು. ಅವಳ ಹೆಬ್ಬೆಟ್ಟು 'ಹೊರಗೆ' ಹೋಗಿ ಆಗಲೇ ಮೂರು ಗಂಟೆಯಾಗಿತ್ತು. ಪಾಪಕ್ಕ ಕೈ ತಡೆದು ಸಿರಿಂಜ್ ಕಿತ್ತುಕೊಂಡಳು. ದಾಸಮ್ಮನ ಮಗ ದೂರು ಕೊಟ್ಟ.

ಸಾಹೇಬರು ಮಿಷಿನ್ ನೋಡಿದರು. ಮಿಷಿನ್ನಿನ ಪ್ರಕಾರ ಆ ಹೊತ್ತಿನಲ್ಲಿ ಸಹನಾ ಆಸ್ಪತ್ರೆಯಲ್ಲೇ ಇರಲಿಲ್ಲ. ಸಿರಿಂಜ್ ಇದ್ದದ್ದು ಪಾಪಕ್ಕನ ಕೈಯಲ್ಲಿ. ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಅವಳಿಗೇ ನೋಟಿಸ್ ಹೋಯಿತು.

ಓದುಬರಹ ಬಾರದ ಪಾಪಕ್ಕ ಉತ್ತರ ಬರೆಸಲು ಸಹನಾಳ ಬಳಿಗೇ ಹೋದಳು. ಸಹನಾಳ ತರಬೇತಿ ಸರ್ಟಿಫಿಕೇಟಿಗೆ ಸಾಹೇಬರ ಸಹಿ ಬೇಕು. ಪೆನ್ನು ಹಿಡಿದವಳು ಬರೆಯದೆ ಕೂತಳು.

"ನೀವಿರ್ಲಿಲ್ಲ ಅಂತ್ಲೇ ಬರ್ಕಳಿ ಬುಡಿ ಡಾಕ್ಟ್ರಮ್ಮ. ನಂದೇನು, ಕೂಲಿಗೋದ್ರೂ ಆಯ್ತದೆ" ಎಂದಳು ಪಾಪಕ್ಕ.

ಅದನ್ನು ಕೇಳಿದ ಮೇಲೆ ಸಹನಾಗೆ ಸುಳ್ಳು ಬರೆಯಲಾಗಲಿಲ್ಲ. ಅಲ್ಲಿದ್ದವಳು ನಾನೇ, ತಪ್ಪು ನನ್ನದೇ, ಎರಡು ದಿನದಿಂದ ನಿದ್ದೆಯಿಲ್ಲ ಎಂದು ಬರೆದು ಸಹಿ ಹಾಕಿದಳು.

ಪಾಪಕ್ಕನ ನೋಟಿಸ್ ರದ್ದಾಯಿತು. ಸಹನಾಳ ತರಬೇತಿ ಒಂದು ತಿಂಗಳು ಹೆಚ್ಚಾಯಿತು. ಹನ್ನೆರಡು ಗಂಟೆ ಮೀರಿ ದುಡಿದು ಸರ್ಕಾರದ ಆದೇಶ ಉಲ್ಲಂಘಿಸಿದ್ದಾಳೆ ಎಂಬುದು ಸಾಹೇಬರು ಕೊಟ್ಟ ಕಾರಣ.

ಮರುದಿನ ಬೆಳಿಗ್ಗೆ ಎಂಟಕ್ಕೆ ಹೆಬ್ಬೆಟ್ಟು ಒತ್ತಿ ವಾರ್ಡಿನ ಕಡೆ ತಿರುಗಿದ ಸಹನಾಳನ್ನು ಪಾಪಕ್ಕ ರಟ್ಟೆ ಹಿಡಿದು ಗೇಟಿನಾಚೆ ಕರೆದೊಯ್ದಳು. ಆಟೋ ಹತ್ತಿಸಿ ರೂಮಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಸಾಹೇಬರು ಡಾಕ್ಟರೆಲ್ಲಿ ಎಂದು ಕೂಗಾಡುತ್ತಾ ವಾರ್ಡಿಗೆ ಬಂದರು.

ಪಾಪಕ್ಕ ನೆಲ ಒರೆಸುತ್ತಲೇ ಹೇಳಿದಳು: "ಎಂಟಕ್ಕೇ ಹೋದ್ರಲ್ಲ ಸಾ, ಮಿಷಿನ್ ನೋಡ್ಕಳಿ. ಕಾಟಮ್ಮಂಗೆ ಇಂಜೆಕ್ಷನ್ ಟೈಮಾಯ್ತು. ನಾನು ಸೂಜಿ ಮುಟ್ಟಂಗಿಲ್ಲ. ನೀವೂ ಡಾಕ್ಟ್ರೇ ಅಲ್ವಾ?"