ಕೆರೆಕೋಡಿಯಮ್ಮನ ಬಳಿ ಅವ್ವ ಒತ್ತೆಯಿಟ್ಟ ಮಾತು

ಕಳೆದ ವರ್ಷ ಶ್ರಾವಣದಲ್ಲಿ ನನ್ನ ದನಿ ಹೋಯಿತು. ಅದು ಹೇಗೆ ಹೋಯಿತು, ಹೇಗೆ ಬಂತು ಎಂಬುದನ್ನು ಕೆರೆಕೋಡಿಯಮ್ಮನನ್ನು ನಂಬಿದ ನಿಮ್ಮೆಲ್ಲರಿಗೂ ಬರೆದು ತಿಳಿಸಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನಮ್ಮ ತಾಯಮ್ಮತ್ತೆ ಈಗಾಗಲೇ ಬಿಳಿಕೆರೆ ಬಸ್ ಸ್ಟಾಪಿನಲ್ಲಿ ಈ ಸಂಗತಿಯನ್ನು ತನಗೆ ತೋಚಿದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾಳೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ನನ್ನ ಹೆಸರು ಸವಿತ. ಅಪ್ಪ ನಾನು ಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡರು. ಅವ್ವ ಬಿಳಿಕೆರೆ ಸ್ಟಾಪಿನಲ್ಲಿ ಸೀಬೆಹಣ್ಣು, ಸೌತೆಕಾಯಿ ಮಾರುತ್ತಾಳೆ. ಮೈಸೂರು ಬಸ್ಸೋ ಹುಣಸೂರು ಬಸ್ಸೋ ನಿಂತಿತು ಅಂದರೆ ಬುಟ್ಟಿ ಎತ್ತಿಕೊಂಡು ಕಿಟಕಿಯಿಂದ ಕಿಟಕಿಗೆ ಓಡಬೇಕು, ಕೂಗಬೇಕು. ಆ ಕೂಗಿನಿಂದಲೇ ನನ್ನನ್ನು ಬಿಸಿಎ ಓದಿಸಿದಳು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ನಾನು ಕೆಲಸ ಮಾಡುವುದು ಹುಣಸೂರಿನಲ್ಲಿ, ಒಂದು ಪೇಂಟ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಸಾಫ್ಟ್‌ವೇರ್ ಕಂಪನಿಯಲ್ಲಿ. ಹೊರದೇಶದ ಕಂಪನಿಗಳು ತಮ್ಮ ಕೆಲಸವನ್ನು ನಮ್ಮಂಥವರಿಗೆ ಗುತ್ತಿಗೆ ಕೊಡುತ್ತವೆ, ನಾವು ಮಾಡಿ ಕಳಿಸುತ್ತೇವೆ. ಕಂಪನಿ ಅಂದಾಕ್ಷಣ ಗಾಜಿನ ಕಟ್ಟಡ, ಕತ್ತಿನಲ್ಲಿ ಐಡಿ ಕಾರ್ಡಿನ ಪಟ್ಟಿ ಅಂತೆಲ್ಲ ಅಂದುಕೊಳ್ಳಬೇಡಿ. ಚಪ್ಪಲಿ ಮೆಟ್ಟಿಲ ಮೇಲೆ ಬಿಟ್ಟು ಒಳಗೆ ಹೋಗಬೇಕು. ಕರೆಂಟು ಹೋದಾಗ ಯುಪಿಎಸ್ ಕೂಗತೊಡಗಿದರೆ ಯಾರು ಹತ್ತಿರ ಇರುತ್ತಾರೋ ಅವರು ಫ್ಯಾನ್ ಆರಿಸಬೇಕು. ಕೋಡ್ ಬರೆಯುವವನೇ ನೀರಿನ ಕ್ಯಾನ್ ಹೊತ್ತು ತರುತ್ತಾನೆ. ಊಟದ ಹೊತ್ತಿಗೆ ಎಲ್ಲರ ಡಬ್ಬಿಯೂ ಒಂದೇ ಮೇಜಿನ ಮೇಲೆ ಬರುತ್ತದೆ. ಯಾರ ಮನೆಯ ಸಾರು ಯಾರ ಅನ್ನಕ್ಕೆ ಬಿತ್ತು ಎಂಬ ಲೆಕ್ಕವಿಲ್ಲ. ಬೆಂಗಳೂರಿಗೆ ಹೋದ ನನ್ನ ಗೆಳತಿಯರು ಅಲ್ಲಿ ಪಕ್ಕದ ಸೀಟಿನವರ ಹೆಸರೇ ಗೊತ್ತಿಲ್ಲ ಅನ್ನುತ್ತಾರೆ. ನಮ್ಮಲ್ಲಿ ಪಕ್ಕದ ಸೀಟಿನವನ ಎಮ್ಮೆ ಕರು ಹಾಕಿದ್ದೂ ಗೊತ್ತಿರುತ್ತದೆ.

ಹಲ್ಲಿನ ಡಾಕ್ಟರುಗಳ ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಸಮಯ ಗೊತ್ತು ಮಾಡುವ ಸಾಫ್ಟ್‌ವೇರು ನಮ್ಮ ಮುಖ್ಯ ಕೆಲಸ. ಅದು ಇಂಗ್ಲೆಂಡಿನ ಒಂದು ಕಂಪನಿಯದು. ಪ್ರತಿ ಶುಕ್ರವಾರ ಸಂಜೆ ಆ ಕಡೆಯ ಹೆಲನ್ ಮೇಡಂ ಕಂಪ್ಯೂಟರಿನಲ್ಲಿ ಕರೆ ಮಾಡುತ್ತಾರೆ. ಆ ವಾರ ಏನೇನು ಮಾಡಿದೆವು ಎಂದು ತೋರಿಸಿ, ಬಾಯಲ್ಲಿ ವಿವರಿಸಬೇಕು. ಇದಕ್ಕೆ ಡೆಮೊ ಅನ್ನುತ್ತೇವೆ. ಆ ಕೆಲಸ ನನ್ನದು. ಪಿಯುಸಿವರೆಗೂ ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಒಬ್ಬಳೇ ಗೊಣಗಿ ಗೊಣಗಿ ಇಂಗ್ಲಿಷ್ ಕಲಿತೆ. ಪಕ್ಕದಲ್ಲಿ ಕೂತವರು ಈ ಹುಡುಗಿಗೆ ಏನೋ ಆಗಿದೆ ಅಂತ ಸೀಟು ಬದಲಿಸಿದ್ದೂ ಉಂಟು. ನನ್ನದು ನಿಧಾನದ ಇಂಗ್ಲಿಷು, ಆದರೆ ಹೆಲನ್ ಮೇಡಂಗೆ ನನ್ನ ಮಾತೇ ಅರ್ಥವಾಗುತ್ತಿತ್ತು. ಒಮ್ಮೊಮ್ಮೆ ಮನೆಯಿಂದಲೇ ಕರೆಗೆ ಕೂತರೆ ಅವ್ವ ಬಾಗಿಲಿಗೆ ಒರಗಿಕೊಂಡು, ಒಂದು ಅಕ್ಷರ ತಿಳಿಯದಿದ್ದರೂ ಕೊನೆಯವರೆಗೂ ಕೇಳುತ್ತಿದ್ದಳು.

ಇಂಥ ನನಗೆ ಗಂಟಲಲ್ಲಿ ಗಡ್ಡೆ ಬಂತು. ಥೈರಾಯ್ಡು, ತೆಗೆಯಲೇಬೇಕು ಎಂದರು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗಡ್ಡೆಯ ಪಕ್ಕದಲ್ಲೇ ದನಿಯ ನರ ಹಾದುಹೋಗುತ್ತದೆ, ಕೆಲವರಿಗೆ ಅದು ಸೋಲುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆ ಕೆಲವರಲ್ಲಿ ನಾನೂ ಒಬ್ಬಳಾದೆ. ಎಚ್ಚರವಾದ ಮೇಲೆ ನೀರು ಕೇಳಲು ಬಾಯಿ ತೆರೆದರೆ ಬರೀ ಗಾಳಿ. ಪೊಳ್ಳು ಕೊಳವೆಯಲ್ಲಿ ಊದಿದ ಹಾಗೆ. ಡಾಕ್ಟರು ತಿಂಗಳುಗಟ್ಟಲೆ ಕಾಯಬೇಕಾಗಬಹುದು ಎಂದರು. ಬರದೇ ಹೋದರೆ ಎಂದು ಅವ್ವ ಕೇಳಿದಳು. ಹಾಗೂ ಆಗಬಹುದು, ಸುಳ್ಳು ಹೇಳಲಾರೆ ಎಂದರು. ಒಳ್ಳೆಯ ಮನುಷ್ಯ. ಅವರ ಮೇಲೆ ನನಗೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ.

ನಮ್ಮ ಕಡೆ ಹರಕೆ ಹೊತ್ತವರು ತಮಗೆ ಇಷ್ಟವಾದದ್ದನ್ನು ಬಿಡುವುದು ನಿಮಗೆಲ್ಲ ಗೊತ್ತು. ಎಲೆಅಡಿಕೆ ಬಿಡುತ್ತಾರೆ, ಬಾಡು ಬಿಡುತ್ತಾರೆ, ಚಪ್ಪಲಿ ಬಿಡುತ್ತಾರೆ. ಆಸ್ಪತ್ರೆಯಿಂದ ಬಂದ ದಿನವೇ ಅವ್ವ ತಾಯಮ್ಮತ್ತೆಯನ್ನು ಕರೆದುಕೊಂಡು ಕೆರೆ ಏರಿಯ ಮೇಲಿನ ಅಮ್ಮನ ಗುಡಿಗೆ ಹೋದಳು. ತಾಯಮ್ಮತ್ತೆ ಅಂದರೆ ಸ್ಟಾಪಿನಲ್ಲಿ ಅವ್ವನ ಪಕ್ಕದಲ್ಲೇ ಹಣ್ಣು ಮಾರುವವಳು. ಅಲ್ಲಿ ಅವ್ವ ವೀಳ್ಯದೆಲೆ ಇಟ್ಟು ಹೇಳಿದ ಮಾತನ್ನು ಆಮೇಲೆ ನನಗೆ ತಿಳಿಸಿದವಳು ಅವಳೇ.

"ನನ್ ಮಗಳ್ ಮಾತ ಕೊಡೋಗಂಟ ನನ್ ಮಾತು ನಿನ್ ತಾವೇ ಇರ್ಲಿ ಕಣವ್ವ."

ಅಷ್ಟೇ. ಅಲ್ಲಿಂದ ಅವ್ವ ತುಟಿ ಬಿಚ್ಚಲಿಲ್ಲ.

ನಮ್ಮವ್ವನನ್ನು ಬಲ್ಲವರಿಗೆ ಇದು ಎಂಥ ಹರಕೆ ಎಂದು ಬಿಡಿಸಿ ಹೇಳಬೇಕಿಲ್ಲ. ನಿದ್ದೆಯಲ್ಲೂ ಮಾತಾಡುವ ಹೆಂಗಸು. ಒಲೆಯ ಜೊತೆ, ಕೋಳಿಯ ಜೊತೆ, ತೀರಿಹೋದ ಅಪ್ಪನ ಫೋಟೋದ ಜೊತೆ ಮಾತಾಡುವವಳು. ಅಂಥ ಮನೆಯಲ್ಲಿ ಈಗ ಇಬ್ಬರೂ ಮೂಕರು. ಅವಳಿಗೆ ಓದು ಬಾರದು, ನಾನು ಬರೆದು ತೋರಿಸುವ ಹಾಗೂ ಇಲ್ಲ. ಕೈಸನ್ನೆಯಲ್ಲಿ ಬೇಡ ಬೇಡವೆಂದು ಎಷ್ಟು ಕೇಳಿಕೊಂಡರೂ ತಲೆ ಆಡಿಸಿ, ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕುತ್ತಿದ್ದಳು.

ಗಾಯ ಮಾಗಿದ ಮೇಲೆ ಆಫೀಸಿಗೆ ಹೋದೆ. ಹೋದವಳೇ ಕೆಲಸ ಬಿಡುತ್ತೇನೆಂದು ನಮ್ಮ ಚೇತನ್ ಸಾರ್‌ಗೆ ಮೇಲ್ ಕಳಿಸಿದೆ. ಸಾರ್ ಪಿರಿಯಾಪಟ್ಟಣದವರು, ಬೆಂಗಳೂರು ಸಾಕೆಂದು ಬಂದು ಈ ಕಂಪನಿ ಕಟ್ಟಿದವರು. ಇಷ್ಟು ಸಣ್ಣ ಆಫೀಸಿನಲ್ಲಿ ಮಾತಾಡಲಾಗದ ಒಬ್ಬಳನ್ನು ಯಾಕೆ ಇಟ್ಟುಕೊಳ್ಳುತ್ತಾರೆ, ಅವರು ಹೇಳುವ ಮೊದಲೇ ನಾನೇ ಹೇಳಿಬಿಡೋಣ ಎಂಬುದು ನನ್ನ ಲೆಕ್ಕಾಚಾರ. ಅವರು ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಅಂದರು:

"ಗಂಟಲು ಕೆಟ್ಟಿರೋದು, ತಲೆ ಅಲ್ಲ ಕಣ್ರಿ ಸವಿತ. ಏನು ಹೇಳ್ಬೇಕು ಅಂತ ನೀವು ಟೈಪ್ ಮಾಡಿ, ನಾನು ಬಾಯಾಗ್ತೀನಿ."

ಅಂದಿನಿಂದ ಶುಕ್ರವಾರದ ಡೆಮೊ ಹಾಗೇ ನಡೆಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ನಾನು ಸಾಲು ಸಾಲಾಗಿ ಟೈಪ್ ಮಾಡುತ್ತಿದ್ದೆ, ಸಾರ್ ನೋಡಿಕೊಂಡು ಹೆಲನ್ ಮೇಡಂಗೆ ಹೇಳುತ್ತಿದ್ದರು. ಕೆಲಸ ಉಳಿಯಿತು. ಆದರೆ ನನ್ನ ಮಾತು ಬೇರೆಯವರ ಬಾಯಿಂದ ಬರುವುದನ್ನು ಕೇಳುತ್ತಾ ಕೂರುವುದು ಸುಲಭವಲ್ಲ. ಮೈಸೂರಿನಲ್ಲಿ ಹೇಳಿಕೊಟ್ಟ ಗಂಟಲಿನ ಅಭ್ಯಾಸವನ್ನು ದಿನಾ ಮಾಡುತ್ತಿದ್ದೆ. ಗಾಳಿ ಗಾಳಿಯಾಗಿಯೇ ಉಳಿಯಿತು. ಗಣಪತಿ ಹಬ್ಬ ಹೋಯಿತು, ದಸರಾ ಹೋಯಿತು.

ದೀಪಾವಳಿ ಇನ್ನೇನು ಹತ್ತಿರ ಬಂದಿತ್ತು. ಒಂದು ಸಂಜೆ ಹುಣಸೂರಿನಿಂದ ಬಂದು ಬಿಳಿಕೆರೆಯಲ್ಲಿ ಇಳಿಯಲು ಎದ್ದು ನಿಂತಿದ್ದೆ. ಕಿಟಕಿಯಾಚೆ ಅವ್ವ ಕಂಡಳು. ಬುಟ್ಟಿಯನ್ನು ತಲೆಯೆತ್ತರಕ್ಕೆ ಹಿಡಿದು, ತುಟಿ ಬಿಗಿದುಕೊಂಡು, ಒಂದೊಂದೇ ಕಿಟಕಿಯ ಕೆಳಗೆ ಬಂದು ನಿಲ್ಲುತ್ತಿದ್ದಳು. ಕೂಗದವರ ಕಡೆ ಯಾರು ನೋಡುತ್ತಾರೆ? ಹಿಂದಿನಿಂದ ತಾಯಮ್ಮತ್ತೆ ತನ್ನ ಬುಟ್ಟಿಗೂ ಅವ್ವನ ಬುಟ್ಟಿಗೂ ಸೇರಿಸಿ ಕೂಗುತ್ತಿದ್ದಳು: "ಸೀಬೆಹಣ್ಣೂ, ಆವಮ್ಮನ್ ತಾವೂ ತಕಳ್ರಪ್ಪೋ."

ನನ್ನ ಪಕ್ಕದ ಸೀಟಿನಲ್ಲಿದ್ದವರು ಗಂಡನಿಗೆ ಹೇಳಿದರು, "ಪಾಪ, ಮೂಗಿ ಇರ್ಬೇಕು ಕಣ್ರಿ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವ್ವನ ಹತ್ತಿರ ಎರಡು ಹಣ್ಣು ಕೊಂಡರು ಕೂಡ. ಆದರೆ ಅಲ್ಲ ಕಣಮ್ಮ, ಅವಳು ಮೂಗಿಯಲ್ಲ, ಅವಳು ನಮ್ಮವ್ವ, ಈ ರಸ್ತೆಯಲ್ಲಿ ಅವಳಷ್ಟು ಮಾತು ಬಲ್ಲವರು ಇನ್ನೊಬ್ಬರಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಬರೀ ಗಾಳಿ ಬಂತು. ಅವರು ನನ್ನ ಕಡೆಗೂ ಅದೇ ಕರುಣೆಯಿಂದ ನೋಡಿದರು.

ಬಸ್ಸಿಳಿದು ಅವ್ವನ ಹತ್ತಿರ ಹೋಗಲಿಲ್ಲ. ನೆಟ್ಟಗೆ ಗುಡಿಗೆ ಹೋದೆ. ಅಷ್ಟು ದಿನವೂ ಕೆರೆಕೋಡಿಯಮ್ಮನ ಮುಂದೆ ಕೂತು ನನಗೆ ದನಿ ಕೊಡು ಎಂದೇ ಕೇಳಿದ್ದೆ. ಅಂದು ಹಾಗೆ ಕೇಳಲು ಮನಸ್ಸು ಬರಲಿಲ್ಲ. ಹೊಸ್ತಿಲಿಗೆ ಹಣೆ ಹಚ್ಚಿ ಮನಸ್ಸಿನಲ್ಲೇ ಹೇಳಿದೆ: ನನ್ನದು ಹೋದರೆ ಹೋಗಲಿ ತಾಯಿ, ನಾನು ಟೈಪ್ ಮಾಡಿಕೊಂಡಾದರೂ ಬದುಕುತ್ತೇನೆ. ಅವ್ವನ ಮಾತನ್ನು ವಾಪಸು ಕೊಡು. ಅವಳು ನಿನ್ನ ಹತ್ತಿರ ಇಟ್ಟಿರುವುದು ತನ್ನ ಉಸಿರನ್ನು.

ಎದ್ದು ಬರುವಾಗ ಎದೆ ಹಗುರವಾಗಿತ್ತು. ದನಿಯೇನೂ ಬಂದಿರಲಿಲ್ಲ.

ಆ ವಾರದ ಶುಕ್ರವಾರ ಚೇತನ್ ಸಾರ್ ತಮ್ಮ ತಂದೆಯ ಕಣ್ಣಿನ ಆಪರೇಷನ್ನಿಗೆ ಹೋಗಬೇಕಾಯಿತು. ಡೆಮೊದಲ್ಲಿ ನನ್ನ ಬಾಯಾಗುವ ಕೆಲಸ ಮಂಜುವಿನ ಮೇಲೆ ಬಿತ್ತು. ಮಂಜು ಕೆ.ಆರ್. ನಗರದವನು, ಕೋಡ್ ಬರೆಯುವುದರಲ್ಲಿ ಗಟ್ಟಿಗ. ಆದರೆ ಹೆಲನ್ ಮೇಡಂ ಹಲೋ ಅಂದರೆ ಸಾಕು, ಬೆವರುತ್ತಾನೆ. "ಅಕ್ಕ, ನೀನು ಏನ್ ಬರೀತೀಯೋ ಅದನ್ನ ಅಂಗೇ ಓದ್ಬುಡ್ತೀನಿ, ಒಂದಕ್ಷರ ಅತ್ಲಾಗಿತ್ಲಾಗೆ ಮಾಡಕ್ಕಿಲ್ಲ" ಎಂದು ದೇವರ ಮುಂದೆ ಪ್ರಮಾಣ ಮಾಡುವವನ ಹಾಗೆ ಹೇಳಿದ.

ಮಾಡಿದ್ದೂ ಹಾಗೇ. ಒಬ್ಬ ರೋಗಿ ಬರುವುದಿಲ್ಲವೆಂದರೆ ಕಾಯುತ್ತಿರುವ ಇನ್ನೊಬ್ಬರಿಗೆ ತಾನಾಗಿ ಮೆಸೇಜ್ ಹೋಗುವ ಹೊಸ ವ್ಯವಸ್ಥೆಯನ್ನು ಆ ದಿನ ತೋರಿಸಬೇಕಿತ್ತು. ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾ ಹೋದೆ, ಅವನು ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಓದುತ್ತಾ ಹೋದ. ಅವನನ್ನು ತಡೆಯಬೇಕೆಂದು ಅದೇ ಜಾಗದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲೇ, ಕನ್ನಡದ ಒಂದು ಸಾಲು ಟೈಪ್ ಮಾಡಿದೆ: ಸ್ವಲ್ಪ ನಿಧಾನ ಹೇಳೋ ಕತ್ತೆ.

ಮಂಜು ಅದನ್ನೂ ಓದಿದ. ಗಂಭೀರವಾಗಿ, ಇಂಗ್ಲಿಷ್ ಧಾಟಿಯಲ್ಲಿ, ಹೆಲನ್ ಮೇಡಂಗೆ ಹೇಳಿದ: "ಸ್ವಲ್ಪ ನಿಧಾನ ಹೇಳೋ ಕತ್ತೆ."

ಮೇಡಂ ಬಹಳ ಮರ್ಯಾದೆಯಿಂದ, ಇದು ಹೊಸ ವ್ಯವಸ್ಥೆಯ ಹೆಸರೇ ಎಂದು ಕೇಳಿದರು. ಮಂಜುವಿಗೆ ಇನ್ನೂ ತಿಳಿದಿರಲಿಲ್ಲ. ಹೌದು, ಮುಂದಿನ ತಿಂಗಳು ಪೂರ್ತಿಯಾಗುತ್ತದೆ ಎಂದುಬಿಟ್ಟ.

ನನಗೆ ನಗು ಬಂತು. ಶ್ರಾವಣದಿಂದ ಈಚೆಗೆ ನಾನು ನಕ್ಕರೆ ಭುಜ ಕುಣಿಯುತ್ತಿತ್ತೇ ಹೊರತು ಸದ್ದಿರಲಿಲ್ಲ. ಈ ಸಲ ಹೊಟ್ಟೆಯಿಂದ ಎದ್ದ ನಗು ಗಂಟಲಿಗೆ ಬಂದು ಎಲ್ಲೋ ತಗುಲಿ, ಸದ್ದಾಗಿ ಹೊರಬಿತ್ತು. ಒರಟಾಗಿ, ಒಡಕಾಗಿ. ಇದು ಯಾರ ಸದ್ದೆಂದು ನಾನೇ ತಿರುಗಿ ನೋಡಿದೆ. ಇಡೀ ಆಫೀಸು ಕೀಬೋರ್ಡಿನಿಂದ ಕೈ ತೆಗೆದಿತ್ತು.

ಹೆಲನ್ ಮೇಡಂ ಕೇಳಿದರು, ಅದು ಸವಿತ ಅಲ್ಲವೇ ಎಂದು.

ಹೌದು ಮೇಡಂ, ನಾನೇ ಎಂದೆ. ಗೊಗ್ಗರು ದನಿ, ಆದರೆ ದನಿ. ಮಂಜು ಮುಖ ಮುಚ್ಚಿಕೊಂಡು ಅಳುತ್ತಿದ್ದ. ಕತ್ತೆ ಎನಿಸಿಕೊಂಡದ್ದಕ್ಕಲ್ಲ.

ಕರೆ ಮುಗಿಸಿದವಳೇ ಮೆಟ್ಟಿಲಿಗೆ ಹೋಗಿ ಅವ್ವನಿಗೆ ಫೋನ್ ಮಾಡಿದೆ. ಎತ್ತಿದಳು. ಬಸ್ಸಿನ ಸದ್ದು, ಕಂಡಕ್ಟರನ ಸೀಟಿ ಕೇಳಿಸಿತು. ಅವಳು ಮಾತಾಡಲಿಲ್ಲ.

"ಅವ್ವಾ, ನಾನು ಕಣವ್ವ. ಮಾತು ಬಂತು. ನೀನೂ ಮಾತಾಡು."

ಏನೋ ಬಿದ್ದ ಸದ್ದು. ಆಮೇಲೆ ತಾಯಮ್ಮತ್ತೆಯ ದನಿ: "ಏನವ್ವ ಏಳ್ದೆ ನಿಮ್ಮವ್ವಂಗೆ? ಬುಟ್ಟಿ ಫೋನು ಎಲ್ಲಾನು ನನ್ ಮೇಲೆ ಬುಟ್ಟು ಕೆರೆ ಕಡೀಕೆ ಓಡ್ತಾವಳೆ, ಚಪ್ಲಿನೂ ಮೆಟ್ನಿಲ್ಲ." ಅಷ್ಟು ಹೇಳಿದ ಮೇಲೆ, ತಾನು ಮಾತಾಡುತ್ತಿರುವುದು ಯಾರ ಜೊತೆ ಎಂಬುದು ಅವಳಿಗೆ ಹೊಳೆಯಿತು. ನಮ್ಮ ತಾಯಮ್ಮತ್ತೆಗೂ ಮಾತು ನಿಂತದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸಿಕ್ಕ ಮೊದಲ ಬಸ್ಸು ಹತ್ತಿ ಬಂದೆ. ಹೊತ್ತು ಇಳಿಯುತ್ತಿತ್ತು. ಕೆರೆ ಏರಿಯ ಮೇಲೆ ನಡೆದು ಹೋಗುತ್ತಿರುವಾಗಲೇ ಅವ್ವನ ದನಿ ಕೇಳಿಸಿತು. ಅಷ್ಟು ತಿಂಗಳು ಕೇಳದ ದನಿ. ಒತ್ತೆ ಇಟ್ಟುಕೊಂಡವಳ ಜೊತೆಯೇ ಮೊದಲು ಮಾತಾಡಬೇಕು ಎಂಬುದು ಅವಳ ನ್ಯಾಯ. ಗುಡಿಯ ಮುಂದೆ ಕಾಲು ಚಾಚಿ ಕೂತು, ಅಮ್ಮನಿಗೆ ಒಂದೇ ಸಮನೆ ಹೇಳುತ್ತಿದ್ದಳು. ಒಣಗಿದ ಬಾವಿಯಲ್ಲಿ ಊಟೆ ಒಡೆದ ಹಾಗೆ.

"ಅಲ್ಲ ಕಣವ್ವ, ಆ ತಾಯಮ್ಮ ನನ್ ಬುಟ್ಟಿಯಿಂದ ಒಳ್ಳೊಳ್ಳೆ ಹಣ್ಣ ಆರ್ಸ್ಕಂಡು ಮೊದ್ಲು ತನ್ನವು ಅಂತ ಮಾರೋಳು. ನೋಡ್ಕಂಡೂ ಸುಮ್ಕಿದ್ದೆ. ನಿನ್ ಮೊಕ ನೋಡ್ಕಂಡು ಸುಮ್ಕಿದ್ದೆ. ಆದ್ರೂ ಪಾಪ, ನನ್ ಪರವಾಗಿ ಕೂಗಿ ಕೂಗಿ ಅವಳ್ ಗಂಟ್ಲೂ ಕಟ್ಟೋಗದೆ, ಅವಳ್ನೂ ವಸಿ ನೋಡ್ಕೊ."

ನಾನು ಹಿಂದೆ ಕೂತು ಕೇಳಿದೆ. ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಹೇಳಿ ಮುಗಿಸಿ ತಿರುಗಿದಾಗ ಅವಳಿಗೆ ನಾನು ಕಂಡೆ. ನನ್ನ ಗಂಟಲಿನ ಗಾಯದ ಗುರುತನ್ನು ಬೆರಳಿನಿಂದ ಸವರಿದಳು.

"ಮದ್ಯಾನ ಉಂಡ್ಯಾ ಮಗ?" ಎಂದಳು.

ಉಂಡೆ ಅವ್ವ ಎಂದೆ. ಇನ್ನೊಂದು ಸಲ ಹೇಳು ಎಂದಳು. ಹೇಳಿದೆ.

ಆಮೇಲೆ ಮೈಸೂರಿಗೆ ಹೋದಾಗ ಡಾಕ್ಟರು ಕೊಳವೆ ಹಾಕಿ ನೋಡಿ, ನರ ತಾನಾಗಿಯೇ ಚೇತರಿಸಿಕೊಂಡಿದೆ, ಒಳಗೊಳಗೇ ಸುಧಾರಿಸುತ್ತಿತ್ತು, ನಗುವಾಗ ಗೊತ್ತಾಗಿದೆ ಎಂದರು. ಅವರ ವಿದ್ಯೆಗೆ ಕೈ ಮುಗಿಯುತ್ತೇನೆ. ನಾನೂ ಓದಿದವಳೇ, ನರ ಅಂದರೇನೆಂದು ತಿಳಿಯದವಳಲ್ಲ. ಆದರೆ ನಾವು ಮಾಡುವ ಸಾಫ್ಟ್‌ವೇರಿನಲ್ಲೂ ತಾನಾಗಿ ಆಗುವುದು ಯಾವುದೂ ಇಲ್ಲ. ತಾನಾಗಿ ಹೋಗುವ ಮೆಸೇಜಿನ ಹಿಂದೆ ಮಂಜು ಕೂತು ಬರೆದ ಕೆಲಸ ಇರುತ್ತದೆ. ಒಳಗೊಳಗೇ ಸುಧಾರಿಸಿದವರು ಯಾರೆಂದು ನನಗೆ ಗೊತ್ತು, ಅವ್ವನಿಗೂ ಗೊತ್ತು.

ಈಗ ಶುಕ್ರವಾರದ ಡೆಮೊ ಮತ್ತೆ ನನ್ನದೇ. ದನಿ ಮೊದಲಿನಷ್ಟು ನಯವಾಗಿಲ್ಲ. ಹೆಚ್ಚು ಹೊತ್ತು ಮಾತಾಡಿದರೆ ಕಟ್ಟುತ್ತದೆ. ಅವ್ವ ಸ್ಟಾಪಿನಲ್ಲಿ ಎರಡು ಬುಟ್ಟಿಗೂ ಸೇರಿಸಿ ಕೂಗುತ್ತಾಳೆ, ತಾಯಮ್ಮತ್ತೆಯ ಗಂಟಲಿಗೆ ಕೂಗಿನಿಂದ ಬಿಡುವು.

ತಾಯಿ ಕೆರೆಕೋಡಿಯಮ್ಮ, ಇನ್ನು ಮುಂದೆ ನಿನ್ನನ್ನು ಏನೂ ಕೇಳುವುದಿಲ್ಲ ಎಂದು ಹೇಳಲಾರೆ. ಕೇಳುತ್ತೇನೆ. ಕೇಳಲಿ ಎಂದೇ ದನಿ ಕೊಟ್ಟಿದ್ದೀಯ.