ಕೋಳಿಗಳಿಗೂ ಹರಕೆ

ಮೊನ್ನೆ ಮೊಮ್ಮಗ ತನ್ನ ಕೋಳಿಗಳಿಗೆಂದು ಪುತ್ತೂರು ಪೇಟೆಯಿಂದ ತಂದ ಆಹಾರದ ಚೀಲವನ್ನು ಕನ್ನಡಕ ಏರಿಸಿಕೊಂಡು ಓದಿದೆ. ಮಾತ್ರೆಯಾಗಲಿ, ಮದುವೆಯ ಕಾಗದವಾಗಲಿ, ಪೂರ್ತಿ ಓದದೆ ನಂಬುವವಳಲ್ಲ ನಾನು. ಚೀಲದ ಮೇಲೆ ‘ಮೆಥಿಯೊನಿನ್’ ಎಂದಿತ್ತು. ವಿಷವೇನಾದರೂ ಇದ್ದೀತೇ ಎಂದು ಕೇಳಿದೆ.

“ವಿಷ ಅಲ್ಲ ಅಜ್ಜಿ, ಅಮೈನೋ ಆಮ್ಲ. ಕೋಳಿಯ ಮೈಯಲ್ಲಿ ತಾನಾಗಿ ಆಗುದಿಲ್ಲ, ತಿಂದೇ ಸಿಗಬೇಕು. ಮೀನಿನಲ್ಲಿ ಬೇಕಾದಷ್ಟು ಉಂಟು” ಎಂದ.

ಮೀನು ಎಂದದ್ದೇ ತಡ, ನನಗೆ ಅತ್ತಿಗೆಯ ನೆನಪಾಯಿತು.

ಅರುವತ್ತರ ದಶಕದ ಮೊದಲಲ್ಲಿ ಗ್ರಾಮಸೇವಕರು ಅಜ್ಜಾವರದ ನಮ್ಮ ಮನೆಗೆ ಹನ್ನೆರಡು ಬಿಳಿ ಕೋಳಿ ಕೊಡಿಸಿದ್ದರು. ಊರ ಕೋಳಿಯ ಹಾಗೆ ಅಂಗಳಕ್ಕೆ ಬಿಡಬಾರದು, ಗೂಡಿನಲ್ಲೇ ಇಟ್ಟು ತೌಡು, ನೆಲಗಡಲೆ ಹಿಂಡಿ, ಒಣ ಮೀನಿನ ಪುಡಿ ಕಲಸಿ ಹಾಕಬೇಕು ಎಂದು ಅವರ ಅಪ್ಪಣೆ. ಕೋಳಿಗಳ ಕೆಲಸ ಅಣ್ಣನ ಹೆಂಡತಿಯದು. ಮದುವೆಯಾಗಿ ನಾಲ್ಕು ವರ್ಷದ ಮೇಲೆ ಅವಳು ಬಸುರಿಯಾಗಿದ್ದಳು. ಅವಳು ಬಸುರಿಯಾದರೆ ನಲವತ್ತೆಂಟು ದಿನ ಮನೆಯಲ್ಲಿ ಯಾರೂ ಮೀನು, ಮಾಂಸ, ಮೊಟ್ಟೆ ತಿನ್ನುವುದಿಲ್ಲ ಎಂದು ಅವ್ವ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತಿದ್ದಳು. ಅವ್ವನ ಭಕ್ತಿಯಲ್ಲಿ ರಿಯಾಯಿತಿ ಎಂಬುದಿರಲಿಲ್ಲ. ಕೋಳಿಗಳ ಮೀನಿನ ಪುಡಿಯನ್ನೂ ಎಸೆಸಿದಳು. ಹನ್ನೆರಡು ಕೋಳಿಗಳೂ ನಮ್ಮೊಂದಿಗೆ ವ್ರತಕ್ಕೆ ಕುಳಿತವು.

ಮೂರು ವಾರದಲ್ಲಿ ಸುಳ್ಯದ ಹೋಟೆಲಿಗೆ ಕಳುಹಿಸುವ ಮೊಟ್ಟೆಗಳು ಕಡಿಮೆಯಾದವು. ಕೋಳಿಗಳ ಬೆನ್ನಿನ ಪುಕ್ಕವೂ ಮಾಯ! ಯಾರೋ ಮಾಟಕ್ಕೆ ಕಿತ್ತಿದ್ದಾರೆಂದು ಅವ್ವ. ಎಂಟನೆಯ ಕ್ಲಾಸು ಓದಿದ್ದ ನಾನು ಮಾಟ ನಂಬುವವಳಲ್ಲ, ಆದ್ದರಿಂದ ಮನುಷ್ಯರ ಮೇಲೆಯೇ ಸಂಶಯಪಟ್ಟೆ. ಕಟ್ಟಿಗೆ ರಾಶಿಯ ಹಿಂದೆ ಅಡಗಿ ಕುಳಿತೆ. ಅತ್ತಿಗೆ ಗೂಡಿನಿಂದ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾ ಬಂದಳು. ಕೈಯಲ್ಲಿ ನಾಲ್ಕೇ ಮೊಟ್ಟೆ. ಇನ್ನೇನು ಸಾಕ್ಷಿ ಬೇಕು, ನೀವೇ ಹೇಳಿ! ಓಡಿಹೋಗಿ ಅವ್ವನಿಗೆ ಹೇಳಿದೆ.

“ಹರಕೆಯ ಮನೆಯಲ್ಲಿ ಎಂತ ಮಾಡಿದ್ದು ನೀನು?” ಎಂದು ಅವ್ವ ಅವಳನ್ನು ನಿಲ್ಲಿಸಿ ಕೇಳಿದಳು.

“ನಾನು ಎಂತ ಮಾಡುದು ಅತ್ತೆ? ಕೋಳಿಗಳೇ ಮೊಟ್ಟೆ ಒಡೆದು ತಿಂತವೆ.”

ನಾನು ಗಟ್ಟಿಯಾಗಿ ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

“ಮಗುವಿಗೆ ಎಂತಾದ್ರೂ ಆದ್ರೆ ಅದು ನಿನ್ನ ಬಾಯಿಯಿಂದಲೇ ಆದದ್ದು” ಎಂದು ಅವ್ವ ಗೂಡಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅತ್ತಿಗೆ ನಾಲ್ಕು ಮೊಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಹೋದಳು. ತಪ್ಪಿತಸ್ಥರು ಹೀಗೇ ಇರುವುದು ಎಂದು ನಾನು ಅದನ್ನೂ ಲೆಕ್ಕಕ್ಕೆ ಹಿಡಿದೆ.

ಬೀಗ ಹಾಕಿದ ಮೇಲೂ ಮೊಟ್ಟೆ ಹೆಚ್ಚಲಿಲ್ಲ. ವಾರದೊಳಗೆ ಗ್ರಾಮಸೇವಕರು ಬಂದರು. ನಮ್ಮ ಕಣ್ಣೆದುರೇ ಒಂದು ಕೋಳಿ ಆಗ ತಾನೇ ಇಟ್ಟ ಮೊಟ್ಟೆಯನ್ನು ಕುಕ್ಕಿ ಒಡೆಯಿತು, ಉಳಿದವು ಮುತ್ತಿಕೊಂಡವು. ಇನ್ನೊಂದು ಪಕ್ಕದ ಕೋಳಿಯ ಪುಕ್ಕ ಕಿತ್ತು ನುಂಗಿತು.

“ಮೀನು ನಿಲ್ಲಿಸಿದ್ದು ಯಾಕೆ ಮಾರಾಯ್ರೆ? ಹರಕೆ ನಿಮ್ಮದಾ, ಕೋಳಿಯದ್ದಾ? ಅವಕ್ಕೆ ಎಂತ ಕಡಿಮೆ ಆಯ್ತು ಅಂತ ನೋಡುದು ಬೇಡವಾ?” ಎಂದು ಅವರು ತಲೆ ಚಚ್ಚಿಕೊಂಡರು.

ಅವ್ವ ಬೀಗ ತೆಗೆದಳು. ಕೋಳಿಗಳ ವ್ರತ ಅಂದೇ ಮುಗಿಯಿತು, ನಮ್ಮದು ಮುಂದುವರಿಯಿತು. ಬರಬರುತ್ತಾ ಪುಕ್ಕ ಬಂತು, ಮೊಟ್ಟೆಯೂ ಬಂತು. ಅತ್ತಿಗೆಗೆ ಗಟ್ಟಿಮುಟ್ಟಾದ ಹೆಣ್ಣು ಹುಟ್ಟಿತು. ತಪ್ಪಾಯಿತು ಎಂದು ಮಾತ್ರ ಅವಳಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ನಿನ್ನೆ ನೆಲ್ಯಾಡಿಗೆ ಹೋಗಿದ್ದೆ. ಅತ್ತಿಗೆ ಅಲ್ಲಿ ಆ ಮಗಳೊಂದಿಗೆ ಇದ್ದಾಳೆ. ಮೆಥಿಯೊನಿನ್ ಕತೆಯನ್ನೆಲ್ಲ ಬಿಡಿಸಿ ಹೇಳಿ, ನನ್ನಿಂದ ತಪ್ಪಾಯಿತು ಎಂದೆ. ಅವಳು ನಕ್ಕಳು.

“ಒಂದು ಮೊಟ್ಟೆ ನಾನೂ ತಿಂದಿದ್ದೆ ಮಾರಾಯ್ತಿ. ಗೂಡಿನೊಳಗೆ ನಿಂತು, ಹಸಿಯೇ.”

ನನ್ನ ಹಳೆಯ ಸಂಶಯ ಒಂದು ಕ್ಷಣ ತಲೆಯೆತ್ತಿತು. ನಾನು ಆಗಲೇ ಹೇಳಿರಲಿಲ್ಲವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಅಷ್ಟು ಹಸಿವು ನನಗೆ. ಮಗು ಹುಟ್ಟಿ ಅಳುವವರೆಗೂ ಹೆದರಿ ಸತ್ತಿದ್ದೆ” ಎಂದಳು ಅತ್ತಿಗೆ. “ಕೋಳಿಗೆ ಎಂತ ಕಡಿಮೆ ಆಯ್ತು ಅಂತ ಅವತ್ತು ಎಲ್ಲರೂ ಕೇಳಿದ್ರಿ. ನನ್ನ ಹತ್ರ ಯಾರೂ ಕೇಳ್ಲಿಲ್ಲ, ನೋಡು.”